ಒಂದು ಹನಿ ನೀರಿನಿಂದ ಶುರುಮಾಡಿ: ಯುವ ಮುಂದಾಳುಗಳಿಗೆ ಕಥೋಲಿಕ ವಿಶ್ವಾಸ ಕಲಿಸುವುದು ಹೇಗೆ?

ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಹೆಚ್ಚಿನವರ ಕಣ್ಣಿಗೆ ಬೀಳದೆ ಹೋಗುವ ಒಂದು ಗಳಿಗೆ ಇದೆ. ಕಾಣಿಕೆ ಹಾಡು ನಡೆಯುತ್ತಿರುತ್ತದೆ. ಜನ ಜೇಬು ತಡಕುತ್ತಿರುತ್ತಾರೆ. ಅದೇ ಹೊತ್ತಿಗೆ ಪೀಠದ ಹತ್ತಿರ ಗುರುಗಳು ಪಾನಪಾತ್ರೆಗೆ ದ್ರಾಕ್ಷಾರಸ ಸುರಿದು, ಅದಕ್ಕೆ ಒಂದೆರಡು ಹನಿ ನೀರು ಬಿಡುತ್ತಾರೆ. ಬಿಡುವಾಗ ಮೆಲುದನಿಯಲ್ಲಿ ಒಂದು ಸಣ್ಣ ಪ್ರಾರ್ಥನೆ ಹೇಳಿಕೊಳ್ಳುತ್ತಾರೆ. ಐದಾರು ಸೆಕೆಂಡಿನ ಕೆಲಸ, ಅಷ್ಟೇ.

ಹದಿನಾರು ವರ್ಷದ ಹುಡುಗಿಯೊಬ್ಬಳು ಇದನ್ನು ಗಮನಿಸಿ, "ಆ ನೀರು ಯಾಕೆ ಹಾಕ್ತಾರೆ?" ಅಂತ ಯುವಕೂಟದ ಮುಂದಾಳನ್ನು ಕೇಳಿದಳು ಅಂದುಕೊಳ್ಳಿ. "ಮೊದಲಿಂದ ಹಾಗೇ ನಡೆದುಕೊಂಡು ಬಂದಿದೆ" ಅಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಅವಳು ಕೇಳುವುದಿಲ್ಲ.

ಉತ್ತರ ಕಷ್ಟದ್ದೇನಲ್ಲ. ಹಳೆಯ ಕಾಲದ ಮೆಡಿಟರೇನಿಯನ್ ತೀರದವರು ದ್ರಾಕ್ಷಾರಸವನ್ನು ನೀರು ಬೆರೆಸಿಯೇ ಕುಡಿಯುತ್ತಿದ್ದರು. ಸುಮಾರು 155ರಲ್ಲಿ ಸಂತ ಜಸ್ಟಿನ್ ರೋಮ್ ಚಕ್ರವರ್ತಿಗೆ ಕ್ರೈಸ್ತರ ಆರಾಧನೆಯನ್ನು ವಿವರಿಸಿ ಬರೆದಾಗಲೂ ರೊಟ್ಟಿಯ ಜೊತೆಗೆ ನೀರು ಬೆರೆಸಿದ ದ್ರಾಕ್ಷಾರಸದ ಮಾತೇ ಬರುತ್ತದೆ. ನೂರು ವರ್ಷ ಕಳೆಯುವ ಹೊತ್ತಿಗೆ ಊಟದ ಆ ರೂಢಿಗೆ ಅರ್ಥವೂ ಸೇರಿತ್ತು. ಉತ್ತರ ಆಫ್ರಿಕಾದ ಕಾರ್ಥೇಜಿನ ಧರ್ಮಾಧ್ಯಕ್ಷ (ಬಿಷಪ್) ಸಂತ ಸಿಪ್ರಿಯನ್ ಪ್ರಕಾರ ದ್ರಾಕ್ಷಾರಸ ಅಂದರೆ ಕ್ರಿಸ್ತರ ರಕ್ತ, ನೀರು ಅಂದರೆ ಜನ. ಒಮ್ಮೆ ಬೆರೆತ ಮೇಲೆ ಎರಡನ್ನೂ ಬೇರೆ ಮಾಡೋಕೆ ಆಗುವುದಿಲ್ಲ. ಇವತ್ತು ಗುರುಗಳು ಹೇಳಿಕೊಳ್ಳುವ ಪ್ರಾರ್ಥನೆಯ ತಿರುಳೂ ಅದೇ: ನಮ್ಮ ಮನುಷ್ಯತ್ವವನ್ನು ಹಂಚಿಕೊಂಡ ಕ್ರಿಸ್ತರ ದೈವತ್ವದಲ್ಲಿ ನಮಗೂ ಪಾಲು ಸಿಗಲಿ.

ದೇವರು ಮನುಷ್ಯರಾದರು. ಮನುಷ್ಯರನ್ನು ತಮ್ಮ ಜೀವದೊಳಗೆ ಸೇರಿಸಿಕೊಂಡರು. ಸೇರಿದವರೆಲ್ಲ ಒಂದಾದರು. ಮೂರು ದೊಡ್ಡ ಪಾಠ, ಒಂದು ಹನಿಯಲ್ಲಿ. ಯುವ ಮುಂದಾಳುಗಳ ತರಬೇತಿ ಇಂಥ ಕಡೆಯಿಂದಲೇ ಶುರುವಾಗಬೇಕು ಅನ್ನುವುದು ನನ್ನ ವಾದ. ಕಣ್ಣಿಗೆ ಕಾಣುವುದರಿಂದ, ಕೈಗೆ ಸಿಗುವುದರಿಂದ. ವ್ಯಾಖ್ಯಾನ ಆಮೇಲೆ ಬರಲಿ.

ಪ್ರಾರ್ಥನೆ ಮೊದಲು, ಪಾಠ ಆಮೇಲೆ

ಇದು ನನ್ನ ಸ್ವಂತ ಕಂಡುಹಿಡಿಕೆಯಲ್ಲ. ಧರ್ಮಸಭೆಯಲ್ಲಿ ಹಳೆಯದೊಂದು ಸೂತ್ರವಿದೆ, ಲ್ಯಾಟಿನ್‌ನಲ್ಲಿ 'ಲೆಕ್ಸ್ ಒರಾಂದಿ, ಲೆಕ್ಸ್ ಕ್ರೆದೆಂದಿ' ಅನ್ನುತ್ತಾರೆ. ಪ್ರಾರ್ಥಿಸುವ ರೀತಿಯೇ ನಂಬುವ ರೀತಿಯನ್ನು ತೀರ್ಮಾನಿಸುತ್ತದೆ ಅಂತ ಅರ್ಥ. 5ನೇ ಶತಮಾನದ ಪ್ರಾಸ್ಪರ್ ಎಂಬ ಬರಹಗಾರನ ಮಾತಿನಿಂದ ಬಂದದ್ದು.

ಕೇಳಲು ಒಣ ಸೂತ್ರ. ಆದರೆ ಅದು ಕೆಲಸ ಮಾಡಿದ ಒಂದು ಪ್ರಸಂಗ ನೋಡಿ. 4ನೇ ಶತಮಾನದಲ್ಲಿ ಪವಿತ್ರಾತ್ಮರು ದೇವರೋ ಅಲ್ಲವೋ ಅನ್ನುವ ಬಗ್ಗೆ ದೊಡ್ಡ ಜಗಳ ನಡೆದಿತ್ತು. ಆಗ ಸಂತ ಬಸಿಲ್ ಏನು ಮಾಡಿದರು? ಬರೀ ತರ್ಕ ಹೂಡಲಿಲ್ಲ. ನಾವು ದೀಕ್ಷಾಸ್ನಾನ ಕೊಡುವುದು ಯಾರ ಹೆಸರಿನಲ್ಲಿ? ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ. ಮಹಿಮೆ ಹಾಡುವುದು ಯಾರಿಗೆ? ಮೂವರಿಗೂ. ಹಾಗಾದರೆ ಒಬ್ಬರನ್ನು ಕೆಳಗಿಳಿಸುವುದು ಹೇಗೆ ಸರಿ? ಇದು ಅವರ ವಾದದ ಬೆನ್ನೆಲುಬು. ಬಸಿಲ್ 379ರಲ್ಲಿ ತೀರಿಕೊಂಡರು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ (ಧರ್ಮಾಧ್ಯಕ್ಷರ ದೊಡ್ಡ ಸಭೆ), ಪವಿತ್ರಾತ್ಮರು ತಂದೆ ಮತ್ತು ಸುತರ ಜೊತೆಗೇ ಆರಾಧನೆ ಪಡೆಯುವವರು ಅಂತ ವಿಶ್ವಾಸ ಪ್ರಮಾಣದಲ್ಲಿ ಸೇರಿಸಿತು. ಭಾನುವಾರ ನಾವು ಹೇಳುವುದು ಅದೇ ಪ್ರಮಾಣ. ಅಂದರೆ ಜನ ಮೊದಲು ಮಂಡಿಯೂರಿದರು, ಆಮೇಲೆ ಪಂಡಿತರು ಬರೆದುಕೊಂಡರು.

ನಮ್ಮ ತರಬೇತಿಗಳು ಇದನ್ನು ತಲೆಕೆಳಗು ಮಾಡುತ್ತವೆ. ಮೊದಲ ದಿನವೇ ಪ್ರೊಜೆಕ್ಟರ್ ಹಾಕಿ, 'ಸಂಸ್ಕಾರ ಎಂದರೇನು?' ಅನ್ನುವ ಸ್ಲೈಡ್ ತೋರಿಸುತ್ತೇವೆ. ಎದುರಿಗೆ ಕೂತವರು ಇಪ್ಪತ್ತು, ಇಪ್ಪತ್ತೈದರ ಪ್ರಾಯದವರು. ಗಿಟಾರ್ ಬರುತ್ತದೆ, ಆಟ ಆಡಿಸಲು ಬರುತ್ತದೆ, ಶಿಬಿರ ನಡೆಸಲು ಬರುತ್ತದೆ. ವಿಶ್ವಾಸದ ಪ್ರಶ್ನೆ ಬಂದಾಗ ಮಾತ್ರ ಮುಖ ಕೆಳಗೆ ಹಾಕುತ್ತಾರೆ. ಅವರಲ್ಲಿ ಭಕ್ತಿ ಇಲ್ಲ ಅಂತಲ್ಲ. ವಾರವಾರ ನೋಡುವುದಕ್ಕೂ ಪುಸ್ತಕದಲ್ಲಿ ಓದಿದ್ದಕ್ಕೂ ನಂಟು ಯಾರೂ ತೋರಿಸಿಕೊಟ್ಟಿಲ್ಲ.

ಎಲ್ಲಕ್ಕಿಂತ ಮೊದಲಿನ ಸುದ್ದಿ

ಆರಾಧನೆಯಿಂದ ಶುರುಮಾಡಿ ಅಂದೆ. ಆದರೆ ಆರಾಧನೆ ಯಾರಿಗೆ, ಯಾಕೆ ಅನ್ನುವುದು ಗೊತ್ತಿರಬೇಕಲ್ಲ? ಪ್ರೇಷಿತರು, ಅಂದರೆ ಯೇಸು ಕಳುಹಿಸಿದ ಮೊದಲ ಶಿಷ್ಯರು, ಊರೂರು ತಿರುಗಿ ಸಾರಿದ ಮೂಲ ಸುದ್ದಿಗೆ ಗ್ರೀಕ್ ಭಾಷೆಯಲ್ಲಿ 'ಕೆರಿಗ್ಮ' ಅನ್ನುತ್ತಾರೆ. ಪೋಪ್ ಫ್ರಾನ್ಸಿಸ್ 2013ರಲ್ಲಿ ಅದನ್ನು ಬಹಳ ಸರಳವಾಗಿ ಹೇಳಿದರು. ಯೇಸುಕ್ರಿಸ್ತರು ನಿನ್ನನ್ನು ಪ್ರೀತಿಸುತ್ತಾರೆ, ನಿನ್ನನ್ನು ಉಳಿಸಲು ಪ್ರಾಣ ಕೊಟ್ಟರು, ಈಗ ದಿನಾ ನಿನ್ನ ಪಕ್ಕದಲ್ಲೇ ಬದುಕಿದ್ದಾರೆ: ಬೆಳಕು ಕೊಡಲು, ಬಲ ಕೊಡಲು, ಬಿಡುಗಡೆ ಮಾಡಲು.

ಇಲ್ಲಿ ಒಂದು ಎಡವಟ್ಟು ಆಗುತ್ತದೆ. 'ಮೊದಲ ಸುದ್ದಿ' ಅಂದ ಕೂಡಲೇ ಅದನ್ನು ಒಂದನೇ ತರಗತಿಯ ಪಾಠ ಅಂದುಕೊಳ್ಳುತ್ತೇವೆ. ಒಮ್ಮೆ ಹೇಳಿ ಮುಗಿಸಿದೆವು, ಮುಂದಿನ ಪಾಠಕ್ಕೆ ಹೋಗೋಣ ಅಂತ. ಫ್ರಾನ್ಸಿಸ್ ಇದನ್ನೇ ಎಚ್ಚರಿಸಿದ್ದು. ಅದು ಮೊದಲನೆಯದು ಅನ್ನುವುದು ಕಾಲದ ಲೆಕ್ಕದಲ್ಲಲ್ಲ, ತೂಕದ ಲೆಕ್ಕದಲ್ಲಿ. ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಅಲ್ಲಿಗೇ ವಾಪಸ್ ಬರಬೇಕು.

ಮುಂದಾಳು ತಾನೇ ಆ ಸುದ್ದಿ ಕೇಳಿಸಿಕೊಂಡಿದ್ದಾನಾ? ಈ ಪ್ರಶ್ನೆ ಕೇಳಲು ನಮಗೆ ಸಂಕೋಚ. ಆದರೆ ಕೇಳದೆ ಮುಂದೆ ಹೋದರೆ ತಳಪಾಯ ಇಲ್ಲದ ಮನೆಗೆ ಬಣ್ಣ ಬಳಿದಂತೆ. ಈ ಕಾಲದ ಮನುಷ್ಯ ಬೋಧಕರಿಗಿಂತ ಸಾಕ್ಷಿಗಳ ಮಾತನ್ನು ಜಾಸ್ತಿ ಕೇಳುತ್ತಾನೆ ಅಂತ ಪೋಪ್ ಆರನೇ ಪೌಲರು 1975ರಲ್ಲೇ ಬರೆದಿದ್ದರು. ಹದಿಹರೆಯದವರಿಗಂತೂ ಈ ಮಾತು ಇನ್ನೂ ನಿಜ. ನೀವು ಕಲಿತು ಹೇಳುತ್ತಿದ್ದೀರಾ, ಕಂಡು ಹೇಳುತ್ತಿದ್ದೀರಾ ಅನ್ನುವುದು ಅವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ನಾಲ್ಕು ಕಂಬ, ಒಂದು ಸರದಿ

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 1992ರಲ್ಲಿ ಹೊರಬಂತು. 2865 ಪರಿಚ್ಛೇದಗಳಿವೆ. ಪುಸ್ತಕ ನೋಡಿದರೇ ಭಯವಾಗುತ್ತದೆ, ನಿಜ. ಆದರೆ ಒಳಗೆ ಇರುವುದು ನಾಲ್ಕೇ ಭಾಗ: ನಾವು ನಂಬುವುದು, ನಾವು ಆಚರಿಸುವುದು, ನಾವು ಬದುಕುವುದು, ನಾವು ಪ್ರಾರ್ಥಿಸುವುದು. ವಿಶ್ವಾಸ ಪ್ರಮಾಣ, ಏಳು ಸಂಸ್ಕಾರಗಳು (ದೀಕ್ಷಾಸ್ನಾನ, ಮದುವೆಯಂಥ ಪವಿತ್ರ ವಿಧಿಗಳು), ಹತ್ತು ಆಜ್ಞೆಗಳು, ಪ್ರಭುವಿನ ಪ್ರಾರ್ಥನೆ ಅಂತಲೂ ಗುರುತಿಟ್ಟುಕೊಳ್ಳಬಹುದು.

ಮುಂದಾಳುಗಳು ಬಾಯಿಪಾಠ ಮಾಡಬೇಕಾದ್ದು ಈ ನಾಲ್ಕನ್ನಲ್ಲ, ಅವುಗಳ ಸರದಿಯನ್ನು. ಮೊದಲು ದೇವರು ಏನು ಮಾಡಿದರು. ಆಮೇಲೆ ಅದನ್ನು ನಾವು ಹೇಗೆ ಆಚರಿಸುತ್ತೇವೆ. ಆಮೇಲೆ ಹೇಗೆ ಬದುಕುತ್ತೇವೆ.

ಯುವಕೂಟಗಳಲ್ಲಿ ನಡೆಯುವುದು ಉಲ್ಟಾ. ಎಲ್ಲ ಮಾತೂ ನೇರ ಮೂರನೇ ಭಾಗಕ್ಕೆ ಹಾರುತ್ತದೆ. ಪ್ರೀತಿ ಪ್ರೇಮ, ಮೊಬೈಲ್, ಕುಡಿತ, ಬಟ್ಟೆ. ಇದು ಮಾಡು, ಅದು ಮಾಡಬೇಡ. ಒಂದು ವರ್ಷ ಇದೇ ನಡೆದರೆ, ವಿಶ್ವಾಸ ಅಂದರೆ ಬೇಡಗಳ ಪಟ್ಟಿ ಅಂತಲೇ ಮಕ್ಕಳು ತಿಳಿಯುತ್ತಾರೆ. ಅವರದೇನು ತಪ್ಪು?

ಹತ್ತು ಆಜ್ಞೆಗಳನ್ನೇ ತೆಗೆದುಕೊಳ್ಳಿ. ವಿಮೋಚನಕಾಂಡದ 20ನೇ ಅಧ್ಯಾಯ ತೆರೆದು ಓದಲು ಹೇಳಿ. ಹೆಚ್ಚಿನವರು 'ನಾನಲ್ಲದೆ ನಿನಗೆ ಬೇರೆ ದೇವರು ಇರಬಾರದು' ಅನ್ನುವಲ್ಲಿಂದ ಶುರುಮಾಡುತ್ತಾರೆ. ತಡೆಯಿರಿ. ಅದಕ್ಕೂ ಒಂದು ಸಾಲು ಹಿಂದೆ ಹೋಗಲು ಹೇಳಿ. ಈಜಿಪ್ಟಿನ ದಾಸ್ಯದಿಂದ ನಿನ್ನನ್ನು ಬಿಡಿಸಿ ಕರೆತಂದ ದೇವರು ನಾನೇ ಅನ್ನುತ್ತದೆ ಆ ಸಾಲು. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಆಜ್ಞೆ ಪಾಲಿಸಿದ್ದಕ್ಕೆ ದೇವರು ಬಿಡಿಸಲಿಲ್ಲ. ಬಿಡಿಸಿದ ಮೇಲೆ, ಮತ್ತೆ ದಾಸರಾಗದೆ ಬದುಕುವ ದಾರಿ ಹೇಳಿಕೊಟ್ಟರು. ಈ ಒಂದು ಸಾಲನ್ನು ಹಿಡಿದ ಮುಂದಾಳು ನೀತಿಪಾಠ ಹೇಳುವ ದನಿಯೇ ಬದಲಾಗುತ್ತದೆ.

ಬಲಿಪೂಜೆಯೊಳಗೆ ಒಂದು ಸುತ್ತು

ಈಗ ಮುಖ್ಯ ವಿಷಯ. ತರಬೇತಿಗೆ ಹತ್ತು ಗಂಟೆ ಸಿಕ್ಕರೆ ಐದು ಗಂಟೆ ಇದಕ್ಕೇ ಕೊಡಿ ಅಂತೀನಿ. ದೇವಾಲಯ ಖಾಲಿ ಇರುವಾಗ ಎಲ್ಲರನ್ನೂ ಒಳಗೆ ಕರೆದುಕೊಂಡು ಹೋಗಿ. ಕುರ್ಚಿ ಹಾಕಿ ಕೂರಿಸಬೇಡಿ. ನಡೆಸಿ.

ಬಾಗಿಲ ಬಳಿ ತೀರ್ಥದ ಬಟ್ಟಲು. ಕೈ ಅದ್ದಿ ಶಿಲುಬೆ ಗುರುತು ಹಾಕುವುದು ಅಭ್ಯಾಸಬಲ. ಅದು ನಮ್ಮ ದೀಕ್ಷಾಸ್ನಾನದ ನೆನಪು ಅಂತ ಎಷ್ಟು ಜನರಿಗೆ ಗೊತ್ತು? ಯಾವ ಹೆಸರಿನಲ್ಲಿ ನೀರಿಗೆ ಇಳಿದೆವೋ ಅದೇ ಹೆಸರು, ಅದೇ ನೀರು. ಪ್ರತಿ ಸಲ ಒಳಗೆ ಬರುವಾಗಲೂ ಮತ್ತೆ ಆ ಬಾಗಿಲನ್ನೇ ದಾಟುತ್ತೇವೆ.

ಒಳಗೆ ಎರಡು ಜಾಗ ತೋರಿಸಿ. ಒಂದು, ವಾಚನ ಓದುವ ಪೀಠ. ಇನ್ನೊಂದು, ಬಲಿಪೀಠ. ಪೂಜೆಯ ಎರಡು ದೊಡ್ಡ ಭಾಗ ಇವೇ: ದೇವರ ವಾಕ್ಯ, ಪರಮಪ್ರಸಾದ (ಕ್ರಿಸ್ತರ ದೇಹ, ರಕ್ತವಾಗುವ ರೊಟ್ಟಿ, ದ್ರಾಕ್ಷಾರಸ). ಈ ಜೋಡಿ ಎಲ್ಲಿಂದ ಬಂತು ಅಂತ ಕೇಳಿದರೆ ಲೂಕನ ಶುಭಸಂದೇಶದ 24ನೇ ಅಧ್ಯಾಯ ಓದಿ. ಇಬ್ಬರು ಶಿಷ್ಯರು ಸೋತ ಮುಖ ಹೊತ್ತು ಎಮ್ಮಾವು ಊರಿನ ಕಡೆ ನಡೆಯುತ್ತಿದ್ದಾರೆ. ಅಪರಿಚಿತನೊಬ್ಬ ಜೊತೆಗೂಡಿ ದಾರಿಯುದ್ದಕ್ಕೂ ಪವಿತ್ರಗ್ರಂಥ ಬಿಡಿಸಿ ಹೇಳುತ್ತಾನೆ. ಅವರ ಎದೆ ಬೆಚ್ಚಗಾಗುತ್ತದೆ, ಆದರೆ ಗುರುತು ಸಿಗುವುದಿಲ್ಲ. ರೊಟ್ಟಿ ಮುರಿದಾಗ ಸಿಗುತ್ತದೆ. ಗುರುತು ಸಿಕ್ಕ ಕೂಡಲೇ ಅವರು ಕಾಣದಾಗುತ್ತಾರೆ. ಶಿಷ್ಯರು ಆ ರಾತ್ರಿಯೇ ಎದ್ದು ಜೆರುಸಲೇಮಿಗೆ ಓಡುತ್ತಾರೆ. ಸೇರುವುದು, ಕೇಳುವುದು, ಮುರಿಯುವುದು, ಹೊರಡುವುದು. ಇಡೀ ಬಲಿಪೂಜೆಯ ನಕ್ಷೆ ಒಂದೇ ಕಥೆಯಲ್ಲಿದೆ. ನಾನು ಇದಕ್ಕಿಂತ ಒಳ್ಳೆಯ ಪಾಠ ಇನ್ನೂ ನೋಡಿಲ್ಲ.

ವಾಚನದ ಬಗ್ಗೆ ಒಂದು ಉಪಯೋಗದ ಮಾಹಿತಿ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಆಮೇಲೆ ಲೂಕ. ಯೊವಾನ್ನನ ಶುಭಸಂದೇಶ ಹೆಚ್ಚಾಗಿ ಪಾಸ್ಖ (ಈಸ್ಟರ್) ಕಾಲದಲ್ಲಿ ಬರುತ್ತದೆ. ಇದು ಗೊತ್ತಿದ್ದ ಮುಂದಾಳು ಯುವಕೂಟದ ಬೈಬಲ್ ಓದಿಗೆ ಬೇರೆ ಯೋಜನೆ ಹುಡುಕಬೇಕಾಗಿಲ್ಲ. ಮುಂದಿನ ಭಾನುವಾರದ್ದನ್ನೇ ಓದಿಸಿದರೆ ಸಾಕು.

ಶುಭಸಂದೇಶಕ್ಕೆ ಮುಂಚೆ ಹಣೆ, ತುಟಿ, ಎದೆಯ ಮೇಲೆ ಮೂರು ಪುಟ್ಟ ಶಿಲುಬೆ ಹಾಕುತ್ತೇವಲ್ಲ, ನಮ್ಮಲ್ಲಿ ಹೆಚ್ಚಿನವರು ನೊಣ ಓಡಿಸಿದ ಹಾಗೆ ಹಾಕುತ್ತೇವೆ. ಒಮ್ಮೆ ನಿಧಾನವಾಗಿ ಹಾಕಿಸಿ. ವಾಕ್ಯ ನನ್ನ ಬುದ್ಧಿಯಲ್ಲಿ ಇರಲಿ, ಮಾತಿನಲ್ಲಿ ಇರಲಿ, ಹೃದಯದಲ್ಲಿ ಇರಲಿ. ಅಷ್ಟು ಹೇಳಿ ಸುಮ್ಮನಾಗಿ.

ಇನ್ನು ಬಲಿಪೀಠದ ಹತ್ತಿರ ನಿಲ್ಲಿಸಿ ಗುರುಗಳ ಕೈ ನೆನಪಿಸಿಕೊಳ್ಳಲು ಹೇಳಿ. ರೊಟ್ಟಿ, ದ್ರಾಕ್ಷಾರಸದ ಮೇಲೆ ಎರಡೂ ಕೈ ಚಾಚುತ್ತಾರೆ. ಪವಿತ್ರಾತ್ಮರು ಇಳಿದು ಬರಲಿ ಅನ್ನುವ ಬೇಡಿಕೆ ಅದು. ಕೈ ಚಾಚುವ, ಕೈ ಇಡುವ ಈ ಸನ್ನೆ ಬೇರೆಲ್ಲಿ ನೋಡಿದ್ದೀರಿ ಅಂತ ಕೇಳಿ. ದೃಢೀಕರಣದಲ್ಲಿ (ದೀಕ್ಷಾಸ್ನಾನವನ್ನು ಗಟ್ಟಿಮಾಡುವ ಸಂಸ್ಕಾರ) ಧರ್ಮಾಧ್ಯಕ್ಷರು. ಗುರುದೀಕ್ಷೆಯಲ್ಲಿ. ಪಾಪನಿವೇದನೆಯಲ್ಲಿ ಕ್ಷಮೆ ಸಾರುವಾಗ. ರೋಗಿಗಳಿಗೆ ಎಣ್ಣೆ ಹಚ್ಚುವ ಮುಂಚೆ. ಅಲ್ಲೊಂದು ಇಲ್ಲೊಂದು ಅಂತ ಬೇರೆ ಬೇರೆ ಪಾಠವಾಗಿ ಕಲಿತ ಸಂಸ್ಕಾರಗಳು ಒಂದೇ ಸನ್ನೆಯಲ್ಲಿ ಜೋಡಣೆಯಾಗುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಏಳು ಸಂಸ್ಕಾರಗಳಲ್ಲಿ ಮೂರು ನಮ್ಮನ್ನು ಒಳಗೆ ಸೇರಿಸುತ್ತವೆ, ಎರಡು ಗುಣಪಡಿಸುತ್ತವೆ, ಎರಡು ಸೇವೆಗೆ ನಿಲ್ಲಿಸುತ್ತವೆ ಅನ್ನುವ ವಿಂಗಡಣೆಯನ್ನು ಆಗ ಹೇಳಿದರೆ ತಲೆಯಲ್ಲಿ ಉಳಿಯುತ್ತದೆ.

'ನನ್ನ ಸ್ಮರಣೆಗಾಗಿ ಇದನ್ನು ಮಾಡಿ' ಅನ್ನುವ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಸ್ಮರಣೆ ಅಂದರೆ ನಮಗೆ ತೀರಿಹೋದವರ ಫೋಟೊ ನೋಡುವುದು. ಯೆಹೂದ್ಯರಿಗೆ ಹಾಗಲ್ಲ. ಈಜಿಪ್ಟಿನಿಂದ ಸಿಕ್ಕ ಬಿಡುಗಡೆಯನ್ನು ನೆನೆಯುವ ತಮ್ಮ ಪಾಸ್ಖ ಹಬ್ಬದ ಊಟಕ್ಕೆ ಕೂತವರು, ಈಜಿಪ್ಟಿನಿಂದ ಹೊರಬಂದದ್ದು ಹಿಂದಿನವರು ಮಾತ್ರವಲ್ಲ, ನಾವೂ ಅಂತ ಹೇಳಿಕೊಳ್ಳುತ್ತಾರೆ. ಆಗಿಹೋದದ್ದು ಈಗ ನಮ್ಮನ್ನು ಮುಟ್ಟುತ್ತದೆ. ಬಲಿಪೂಜೆಯಲ್ಲಿ ಯೇಸುಸ್ವಾಮಿ ಮತ್ತೆ ಮತ್ತೆ ಸಾಯುವುದಿಲ್ಲ. ಅವರನ್ನು ಶಿಲುಬೆಗೇರಿಸಿದ ಕಲ್ವಾರಿಯಲ್ಲಿ ಒಮ್ಮೆ ಆದ ಬಲಿಯ ಮುಂದೆ ನಮ್ಮನ್ನು ನಿಲ್ಲಿಸಲಾಗುತ್ತದೆ. 'ದಿನಾ ಬಲಿ ಕೊಡ್ತೀರಲ್ಲ, ಒಂದು ಸಲ ಸಾಕಾಗಲಿಲ್ವಾ?' ಅಂತ ಕಾಲೇಜಿನಲ್ಲಿ ಗೆಳೆಯರು ಕೇಳಿದಾಗ ಈ ಉತ್ತರ ಬೇಕಾಗುತ್ತದೆ.

ಕೊನೆಗೆ ಪ್ರಸಾದ ಸ್ವೀಕರಿಸುವ ಕೈ. 4ನೇ ಶತಮಾನದ ಜೆರುಸಲೇಮಿನಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಹೇಳಿಕೊಟ್ಟ ಪಾಠಗಳು ಸಂತ ಸಿರಿಲರ ಹೆಸರಿನಲ್ಲಿ ಉಳಿದಿವೆ. ಎಡಗೈಯನ್ನು ಬಲಗೈಗೆ ಸಿಂಹಾಸನ ಮಾಡಿ, ಯಾಕೆಂದರೆ ಬಲಗೈ ರಾಜರನ್ನು ಬರಮಾಡಿಕೊಳ್ಳಲಿದೆ ಅನ್ನುತ್ತದೆ ಅದರಲ್ಲೊಂದು ಪಾಠ. ನಾಲಿಗೆಯ ಮೇಲೆ ಸ್ವೀಕರಿಸುವವರಿಗೂ ಈ ಮಾತು ಬೇಕು. ವಿಷಯ ಕೈಯದ್ದಲ್ಲ, ಬರುತ್ತಿರುವವರು ಯಾರು ಅನ್ನುವುದರದ್ದು.

ಅಂದಹಾಗೆ, ಈ ಹಳೆಯ ಗುರುಗಳು ಸಂಸ್ಕಾರದ ಅರ್ಥವನ್ನು ಬಿಡಿಸಿ ಹೇಳುತ್ತಿದ್ದದ್ದು ಜನ ಅದನ್ನು ಪಡೆದ ನಂತರ. ಈಸ್ಟರಿನ ಪಾಸ್ಖ ರಾತ್ರಿ ನೀರಿಗಿಳಿದು, ಎಣ್ಣೆ ಹಚ್ಚಿಸಿಕೊಂಡು, ಪ್ರಸಾದ ಸವಿದು ಬಂದವರಿಗೆ ಆಮೇಲಿನ ವಾರದಲ್ಲಿ, 'ಆ ರಾತ್ರಿ ನಿಮಗೆ ಏನಾಯಿತು ಗೊತ್ತಾ?' ಅಂತ ಶುರುಮಾಡುತ್ತಿದ್ದರು. ಅನುಭವ ಮುಂದೆ, ವಿವರಣೆ ಹಿಂದೆ. ನಾನು ಹೇಳುತ್ತಿರುವ ಕ್ರಮ ಅಲ್ಲಿಂದಲೇ ಎರವಲು.

'ಯೂತ್ ಮಾಸ್' ಎಂಬ ಗೊಂದಲ

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನೆಯ ಸಂವಿಧಾನದಲ್ಲಿ ಜನ ಪೂರ್ಣವಾಗಿ, ಅರಿತು, ಸಕ್ರಿಯವಾಗಿ ಪಾಲ್ಗೊಳ್ಳಬೇಕು ಅಂತ ಹೇಳಿತು. 'ಸಕ್ರಿಯ' ಅನ್ನುವ ಪದ ನಮ್ಮ ಕಿವಿಗೆ ಬಿದ್ದದ್ದು ಎಲ್ಲರಿಗೂ ಒಂದೊಂದು ಕೆಲಸ ಕೊಡಿ ಅಂತ. ಯುವಜನರೇ ನಡೆಸಿಕೊಡುವ ಪೂಜೆಯಲ್ಲಿ, ನಾವು 'ಯೂತ್ ಮಾಸ್' ಅನ್ನುತ್ತೇವಲ್ಲ, ಅದರಲ್ಲಿ ನಡೆಯುವುದು ಇದೇ. ಒಬ್ಬ ಓದಲಿ, ಒಬ್ಬಳು ಹಾಡಲಿ, ನಾಲ್ವರು ಕಾಣಿಕೆ ತರಲಿ, ಮಿಕ್ಕವರು ಕುಣಿಯಲಿ. ಹಾಡು, ಸೇವೆ ಬೇಡ ಅನ್ನುತ್ತಿಲ್ಲ. ಆದರೆ ಅದೇ ದಾಖಲೆ ಪಾಲ್ಗೊಳ್ಳುವ ಬಗೆಗಳನ್ನು ಹೇಳುವಾಗ ಮೌನವನ್ನೂ ಸೇರಿಸಿದೆ. ಹಿಂದಿನ ಸಾಲಿನಲ್ಲಿ ಕೂತು ಮನಸ್ಸಿಟ್ಟು 'ಆಮೆನ್' ಅಂದ ಅಜ್ಜಿಯೂ ಪೂರ್ಣವಾಗಿ ಪಾಲ್ಗೊಂಡಿದ್ದಾಳೆ. ಮೈಕ್ ಹಿಡಿದು ಮುಂದಿನ ಹಾಡಿನ ಚಿಂತೆಯಲ್ಲೇ ಇದ್ದ ಹುಡುಗ ಪಾಲ್ಗೊಳ್ಳದೇ ಇರಬಹುದು. ನಾನೇ ಎಷ್ಟೋ ವರ್ಷ ಆ ಹುಡುಗನಾಗಿದ್ದೆ.

ಹಾಗಾಗಿ ಮುಂದಾಳುಗಳಿಗೆ ಒಂದು ಮನೆಗೆಲಸ ಕೊಡಿ. ತಿಂಗಳಿಗೆ ಒಂದು ಭಾನುವಾರವಾದರೂ ಯಾವ ಜವಾಬ್ದಾರಿಯೂ ಇಲ್ಲದೆ ಸುಮ್ನೆ ಪೂಜೆಗೆ ಬನ್ನಿ.

ಎಡವುವ ಜಾಗಗಳು

ತ್ರಿತ್ವದ (ಪಿತ, ಸುತ, ಪವಿತ್ರಾತ್ಮ ಮೂವರು, ಆದರೂ ಒಬ್ಬರೇ ದೇವರು) ಪಾಠ ಬಂದಾಗ ಎಲ್ಲರಿಗೂ ಹೋಲಿಕೆಯ ಚಪಲ. ನೀರು, ಮಂಜುಗಡ್ಡೆ, ಹಬೆ ಮೂರೂ ಒಂದೇ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇದರ ತೊಂದರೆ ಏನೆಂದರೆ, ಒಬ್ಬರೇ ದೇವರು ಮೂರು ವೇಷ ಹಾಕುತ್ತಾರೆ ಅಂದ ಹಾಗಾಗುತ್ತದೆ. ಆ ಮಾತನ್ನು ಧರ್ಮಸಭೆ 3ನೇ ಶತಮಾನದಲ್ಲೇ ತಳ್ಳಿಹಾಕಿದೆ. ಯೇಸುಸ್ವಾಮಿ ಜೋರ್ಡಾನ್ ನದಿಯಲ್ಲಿ ನಿಂತಿದ್ದಾಗ ತಂದೆಯ ದನಿ ಕೇಳಿಸಿತು, ಪವಿತ್ರಾತ್ಮರು ಪಾರಿವಾಳದಂತೆ ಇಳಿದರು. ಮೂವರೂ ಒಟ್ಟಿಗೇ ಇದ್ದಾರೆ ಅಲ್ವಾ? ಹೋಲಿಕೆ ಬಿಟ್ಟು ಪ್ರಾರ್ಥನೆಯನ್ನೇ ತೋರಿಸಿ. ಪೂಜೆಯ ದೊಡ್ಡ ಪ್ರಾರ್ಥನೆ ಹೋಗುವುದು ತಂದೆಗೆ, ಸುತರ ಮೂಲಕ, ಪವಿತ್ರಾತ್ಮರಲ್ಲಿ. ನಾವು ತ್ರಿತ್ವವನ್ನು ಹೊರಗೆ ನಿಂತು ಬಿಡಿಸುವ ಲೆಕ್ಕವಾಗಿ ನೋಡುತ್ತಿಲ್ಲ, ಅದರ ಒಳಗೆ ನಿಂತು ಪ್ರಾರ್ಥಿಸುತ್ತಿದ್ದೇವೆ. 325ರ ನೈಸಿಯಾ ಮಹಾಸಭೆ ಸುತರು ತಂದೆಯೊಂದಿಗೆ ಒಂದೇ ಸತ್ವ ಅಂತ ಪಟ್ಟು ಹಿಡಿದದ್ದೂ ಇದಕ್ಕೇ. ಯೇಸು ದೇವರಿಗಿಂತ ಒಂದು ಮೆಟ್ಟಿಲು ಕೆಳಗಿದ್ದರೆ, ಅವರು ನಮ್ಮನ್ನು ದೇವರೊಂದಿಗೆ ಸೇರಿಸುವುದು ಹೇಗೆ?

ಪರಮಪ್ರಸಾದದಲ್ಲಿ ಕ್ರಿಸ್ತರ ಇರುವಿಕೆ ಇನ್ನೊಂದು. 'ಬರೀ ಸಂಕೇತ' ಅಂತ ಹೇಳಿ ಜಾರಿಕೊಳ್ಳುವ ಮುಂದಾಳುಗಳಿದ್ದಾರೆ. ಅದು ಕಥೋಲಿಕ ವಿಶ್ವಾಸ ಅಲ್ಲ. ಹಾಗಂತ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೇರೇನೋ ಕಾಣುತ್ತದೆ ಅಂತಲೂ ಧರ್ಮಸಭೆ ಹೇಳುವುದಿಲ್ಲ. ರುಚಿ, ಬಣ್ಣ, ತೂಕ ಎಲ್ಲ ರೊಟ್ಟಿಯದೇ. ಬದಲಾಗುವುದು 'ಇದು ಏನು' ಅನ್ನುವ ಪ್ರಶ್ನೆಯ ಉತ್ತರ. ಆಳದಲ್ಲಿ ಅದು ಈಗ ರೊಟ್ಟಿಯಲ್ಲ, ಕ್ರಿಸ್ತರು. 1215ರ ಲ್ಯಾಟರನ್ ಮಹಾಸಭೆ ಈ ಬದಲಾವಣೆಗೆ 'ಟ್ರಾನ್ಸಬ್‌ಸ್ಟಾನ್ಶಿಯೇಶನ್' ಅನ್ನುವ ಪಾರಿಭಾಷಿಕ ಪದ ಬಳಸಿತು. ಪದ ಮರೆತರೂ ಪರವಾಗಿಲ್ಲ. ಪ್ರಸಾದ ಪೆಟ್ಟಿಗೆಯ ಪಕ್ಕ ದೀಪ ಯಾಕೆ ಉರಿಯುತ್ತದೆ, ಅದರ ಮುಂದೆ ಮಂಡಿ ಯಾಕೆ ಊರುತ್ತೇವೆ ಅಂತ ಹೇಳಲು ಬಂದರೆ ಸಾಕು.

ಮಾತೆ ಮರಿಯ, ಸಂತರು, ಪ್ರತಿಮೆಗಳ ಬಗ್ಗೆ ಹೆಚ್ಚು ಹೊತ್ತು ಬೇಕಾಗಿಲ್ಲ. ಆರಾಧನೆ ದೇವರಿಗೊಬ್ಬರಿಗೇ. ಸಂತರಿಗೆ ಗೌರವ, ಮರಿಯಮ್ಮನಿಗೆ ಎಲ್ಲರಿಗಿಂತ ಮಿಗಿಲಾದ ಗೌರವ. ಪ್ರತಿಮೆಗೆ ಕೊಡುವ ಗೌರವ ಪ್ರತಿಮೆಯಲ್ಲಿ ಕಾಣುವವರಿಗೆ ಸೇರುತ್ತದೆ ಅಂತ 787ರ ಎರಡನೇ ನೈಸಿಯಾ ಮಹಾಸಭೆ ತೀರ್ಮಾನಿಸಿದೆ. ಗೆಳೆಯನಿಗೆ 'ನನಗಾಗಿ ಪ್ರಾರ್ಥಿಸು' ಅನ್ನುವವರು ಸಂತರಿಗೆ ಅದನ್ನೇ ಹೇಳುತ್ತೇವೆ.

ಇದಕ್ಕಿಂತ ಜಾಸ್ತಿ ಗೊಂದಲ ಆಗುವುದು ಎಲ್ಲವನ್ನೂ ಒಂದೇ ತೂಕದಲ್ಲಿ ಹೇಳುವುದರಿಂದ. ಸತ್ಯಗಳಲ್ಲಿ ಮೇಲು ಕೆಳಗಿನ ಶ್ರೇಣಿ ಇದೆ ಅಂತ ಎರಡನೇ ವ್ಯಾಟಿಕನ್ ಮಹಾಸಭೆಯೇ 1964ರಲ್ಲಿ ಹೇಳಿತು. ಅಂದರೆ ಕೆಲವು ಸುಳ್ಳು ಅಂತಲ್ಲ. ಕೆಲವು ಬುಡಕ್ಕೆ ಹತ್ತಿರ, ಕೆಲವು ಕೊಂಬೆ. ಮುಂದಾಳುಗಳಿಗೆ ಇನ್ನೂ ಸರಳವಾಗಿ ಹೀಗೆ ಹೇಳಬಹುದು: ವಿಶ್ವಾಸ ಬೇರೆ, ನಿಯಮ ಬೇರೆ, ಭಕ್ತಿ ಬೇರೆ. ಕ್ರಿಸ್ತರು ಪುನರುತ್ಥಾನರಾದರು ಅನ್ನುವುದು ವಿಶ್ವಾಸ, ಬದಲಾಗದು. ಪ್ರಸಾದಕ್ಕೆ ಮುಂಚೆ ಉಪವಾಸ ಇರುವುದು ನಿಯಮ. ಹಿಂದೆ ನಡುರಾತ್ರಿಯಿಂದ ಏನೂ ತಿನ್ನುವಂತಿರಲಿಲ್ಲ, 1957ರಲ್ಲಿ ಅದು ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಲೂರ್ದ್, ಫಾತಿಮಾ ಊರುಗಳಲ್ಲಿ ಮಾತೆ ಮರಿಯ ಕಾಣಿಸಿಕೊಂಡರು ಅನ್ನುವ ದರ್ಶನಗಳು ಭಕ್ತಿಗೆ ಸೇರಿದವು. ಧರ್ಮಸಭೆ ಅವನ್ನು ಒಪ್ಪಿದೆ, ಆದರೆ ನಂಬಲೇಬೇಕು ಅಂತ ಕಟ್ಟಿಹಾಕಿಲ್ಲ. 'ಗುರುಗಳು ಮದುವೆ ಯಾಕೆ ಆಗಲ್ಲ?' ಅನ್ನುವ ಎಂದೆಂದಿಗೂ ಮುಗಿಯದ ಪ್ರಶ್ನೆಗೂ ಈ ವಿಂಗಡಣೆ ನೆರವಾಗುತ್ತದೆ. ಲ್ಯಾಟಿನ್ ಸಂಪ್ರದಾಯದಲ್ಲಿ ಅದು ನಿಯಮ. ಕಥೋಲಿಕ ಧರ್ಮಸಭೆಯೊಳಗೇ ಇರುವ ಪೂರ್ವದ ಸಭೆಗಳಲ್ಲಿ ಮದುವೆಯಾದ ಗುರುಗಳಿದ್ದಾರೆ.

ಉತ್ತರ ಗೊತ್ತಿಲ್ಲದಾಗ 'ಗೊತ್ತಿಲ್ಲ, ಕೇಳಿ ಹೇಳ್ತೀನಿ' ಅನ್ನಲು ಕಲಿಸಿ. ಹೇಳಿದ ಮೇಲೆ ನಿಜವಾಗಿ ಕೇಳಿ ಬಂದು ಹೇಳಬೇಕು, ಅದು ಮುಖ್ಯ.

ಇದರ ಜೊತೆಗೆ ಇನ್ನೊಂದು ಗಡಿ. ಯುವಜನ ಮುಂದಾಳನ್ನು ನಂಬಿ ಮನಸ್ಸು ಬಿಚ್ಚುತ್ತಾರೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಆ ಮುದ್ರೆ ಸಂಸ್ಕಾರದ್ದು, ಮುಂದಾಳಿಗೆ ಅನ್ವಯಿಸುವುದಿಲ್ಲ. ಒಂದು ಮಗು ತನಗೆ ಯಾರೋ ಹಿಂಸೆ ಕೊಡುತ್ತಿದ್ದಾರೆ ಅಂತ ಹೇಳಿದರೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದು, ಹೇಳಬೇಕಾದವರಿಗೆ ತಕ್ಷಣ ಹೇಳಬೇಕು. 'ಯಾರಿಗೂ ಹೇಳಲ್ಲ' ಅಂತ ಮೊದಲೇ ಮಾತು ಕೊಡಬೇಡಿ ಅಂತ ತರಬೇತಿಯ ಮೊದಲ ದಿನವೇ ಹೇಳಿ.

ಒಂದು ಸಂಜೆಯ ಪಾಠ, ಹತ್ತಿರದಿಂದ

ನಲವತ್ತು ನಿಮಿಷ ಇದೆ ಅಂದುಕೊಳ್ಳಿ. ವಿಷಯ ಶಿಲುಬೆ ಗುರುತು. ಮೊದಲು ಎಲ್ಲರನ್ನೂ ನಿಲ್ಲಿಸಿ, ದಿನಾ ಹಾಕುವ ಹಾಗೆಯೇ ಹಾಕಿಸಿ. ಒಂದೂವರೆ ಸೆಕೆಂಡ್. ನಗು ಬರುತ್ತದೆ, ಬರಲಿ. ಆಮೇಲೆ ಇಪ್ಪತ್ತು ಸೆಕೆಂಡ್ ತೆಗೆದುಕೊಂಡು ಹಾಕಿಸಿ. ಹಣೆ ಮುಟ್ಟಿ ನಿಲ್ಲಿ, ಎದೆ ಮುಟ್ಟಿ ನಿಲ್ಲಿ, ಭುಜಗಳು. ಕೋಣೆ ಸದ್ದಿಲ್ಲದಾಗುತ್ತದೆ. ಈಗ ಕೇಳಿ: ಏನು ಗಮನಿಸಿದಿರಿ? ಉತ್ತರ ತಿದ್ದಬೇಡಿ. ಮೇಲಿಂದ ಕೆಳಗೆ ಇಳಿಯುತ್ತದೆ ಅಂತ ಯಾರೋ ಹೇಳುತ್ತಾರೆ. ಮೈಯೆಲ್ಲ ಸುತ್ತುತ್ತದೆ ಅಂತ ಇನ್ನೊಬ್ಬರು. ಆಗ ನೀವು ಸೇರಿಸಿ. ಬಾಯಿ ಹೇಳುವುದು ತ್ರಿತ್ವದ ಹೆಸರು, ಕೈ ಬರೆಯುವುದು ಶಿಲುಬೆ. ದೇವರು ಯಾರು ಅನ್ನುವುದೂ ನಮಗಾಗಿ ಏನು ಮಾಡಿದರು ಅನ್ನುವುದೂ ಒಂದೇ ಸನ್ನೆಯಲ್ಲಿದೆ. ದೀಕ್ಷಾಸ್ನಾನದ ದಿನ ಗುರುಗಳು, ಅಪ್ಪ ಅಮ್ಮ ನಿಮ್ಮ ಹಣೆಗೆ ಇದೇ ಗುರುತು ಹಾಕಿದ್ದರು. ಕೊನೆಗೆ ಒಂದೇ ಪ್ರಶ್ನೆ: ನಾಳೆ ಯಾವ ಹೊತ್ತಿನಲ್ಲಿ ಇದನ್ನು ಅವಸರವಿಲ್ಲದೆ ಹಾಕುತ್ತೀರಿ? ಎದ್ದ ಕೂಡಲೇ, ಪರೀಕ್ಷೆಗೆ ಮುಂಚೆ, ಜಗಳ ಆಡಿದ ಮೇಲೆ ಅಂತ ಅವರೇ ಜಾಗ ಹುಡುಕಿಕೊಳ್ಳಲಿ.

ತರಬೇತಿ ಮುಗಿದಾಗ ಲಿಖಿತ ಪರೀಕ್ಷೆ ಇಡಬೇಡಿ. ಏಳು ವರ್ಷದ ಮಗುವೊಂದನ್ನು ಎದುರಿಗೆ ಕೂರಿಸಿ. ಪಾನಪಾತ್ರೆಗೆ ನೀರು ಯಾಕೆ ಬಿಡುತ್ತಾರೆ ಅಂತ ಮೂರು ನಿಮಿಷದಲ್ಲಿ, ಚೀಟಿ ನೋಡದೆ ಹೇಳಲಿ. ಮಗು 'ಆಮೇಲೆ?' ಅಂತ ಕೇಳಿದರೆ ಪಾಸ್.